ಸಿದ್ದುವಿನ ಹೊಟ್ಟೆಯ ಗಂಟು

ಕಾವ್ಯಾ, ಚೇತು, ಈಗಲೂ ಹರಳೆಣ್ಣೆ ಕಾಯಿಸಿದರೆ ನನಗೆ ತುಮಕೂರಿನ ಆಸ್ಪತ್ರೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ನಾಲ್ಕು ವರ್ಷದ ನನ್ನ ತಮ್ಮ ಸಿದ್ದುವಿನ ಹೊಟ್ಟೆಯಲ್ಲೊಂದು ಗಂಟಿತ್ತು. ಅದು ಕರಗಲೆಂದು ಅಜ್ಜಿ ದಿನಾ ಬೆಚ್ಚನೆಯ ಹರಳೆಣ್ಣೆ ಹಚ್ಚಿ ತಿಕ್ಕುತ್ತಿದ್ದಳು.

ಎಕ್ಸ್‌ರೇ ನೋಡಿದ ಡಾಕ್ಟರು, “ಇದು ಕಿಡ್ನಿ ಕ್ಯಾನ್ಸರ್, ಮಕ್ಕಳಿಗೆ ಬರೋದು ಅಪರೂಪ. ಎದೆಗೂ ಹರಡಿದೆ. ಬೆಂಗಳೂರಲ್ಲಿ ಆಪರೇಷನ್ ಮಾಡಿ ಇಂಜೆಕ್ಷನ್ ಕೊಡ್ತಾರೆ. ಇನ್ಮೇಲೆ ಹೊಟ್ಟೆ ತಿಕ್ಕಬೇಡಿ” ಎಂದರು.

ಅಜ್ಜಿ ಕೈಯನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡು, “ನಾನ್ ತಿಕ್ಕಿದ್ಕೇ ಎದೆಗ್ ಏರ್ಬುಡ್ತಾ ಸ್ವಾಮಿ?” ಎಂದಳು.

ಡಾಕ್ಟರು, “ಇಲ್ಲ ಕಣಮ್ಮ. ಗಂಟಿದೆ ಅಂತ ಮೊದಲು ಗೊತ್ತಾಗಿದ್ದೇ ನಿಮ್ಮ ಕೈಗೆ” ಎಂದರು.

ನಮ್ಮೂರು ಕಡಬಕ್ಕೆ ಹಿಂದಿರುಗುವ ಬಸ್ಸಿನಲ್ಲಿ ಸಿದ್ದು ಆ ಕೈಯನ್ನು ಎಳೆದು ಹೊಟ್ಟೆಯ ಮೇಲಿಟ್ಟುಕೊಂಡ. “ತಿಕ್ಕಜ್ಜಿ, ನೋಯ್ತದೆ.” ಊರು ಮುಟ್ಟುವವರೆಗೂ ಅಜ್ಜಿ ಕೈ ತೆಗೆಯಲಿಲ್ಲ, ಅಲುಗಿಸಲೂ ಇಲ್ಲ.

ಇಂಜೆಕ್ಷನ್‌ಗಳು ಮುಗಿಯುವ ಮೊದಲೇ ಸಿದ್ದು ಹೋದ. ಅವನದೊಂದು ಫೋಟೋ ಕೂಡ ನಮ್ಮಲ್ಲಿಲ್ಲ. ನಾನು ಬರೆದಿಟ್ಟ ಈ ಹಾಳೆಗಳನ್ನು ಜೋಪಾನ ಮಾಡಿ, ಮಕ್ಕಳೇ.