ಕುಂಡದಲ್ಲಿ ತವರಿನ ಹುಣಸೆ

ಮೋಟರ್ ವೈಂಡಿಂಗ್ ಅಂಗಡಿಯ ಮುಂದೆ ಸುಟ್ಟ ವಾರ್ನಿಷ್ ವಾಸನೆ ಮೂಗಿಗೆ ಬಡಿದರೆ ಇಂದಿಗೂ ನನ್ನ ಬಾಯಿ ಕಹಿಯಾಗುತ್ತದೆ.

ಸಂತೇಬೆನ್ನೂರಿನಲ್ಲಿ ಅಪ್ಪನದೂ ಅಂಥದೇ ಅಂಗಡಿ. ಸುಟ್ಟ ಮೋಟರುಗಳಿಂದ ಬಿಚ್ಚಿದ ತಾಮ್ರದ ತಂತಿಯನ್ನು ಕುಂಡದ ಗಿಡಗಳಿಗೆ ಸುತ್ತಿ, ಬಗ್ಗಿಸಿ, ದೊಡ್ಡ ಮರದಂತೆ ಕಾಣುವ ಹಾಗೆ ಮಾಡುವುದು ಅವನ ಹುಚ್ಚು.

ಅವತ್ತು ಮಧ್ಯಾಹ್ನ ಅಮ್ಮ ಸಾಸ್ವೆಹಳ್ಳಿಯ ತವರಿಗೆ ಹೊರಡಲು ಚೀಲ ತುಂಬಿಕೊಂಡು ಕೂತಿದ್ದಳು. ಪ್ರತಿ ಸಲ ಏನಾದರೊಂದು ನೆವ ಹೇಳಿ ತಡೆಯುತ್ತಿದ್ದ ಅಪ್ಪ, ಆ ದಿನ ಅಂಗಡಿಯಿಂದ ಕುಂಡವೊಂದನ್ನು ತಂದು ಅವಳ ಮುಂದಿಟ್ಟ. ಗೇಣುದ್ದದ ಹುಣಸೆ. ತವರುಮನೆಯ ಮುಂದಿನ ಮರದಂತೆಯೇ ಎಡಕ್ಕೆ ವಾಲಿದ ಕಾಂಡ, ನೆಲದತ್ತ ಬಾಗಿದ ಕೊಂಬೆ. ತಂತಿ ತೊಗಟೆಯೊಳಗೆ ಕಚ್ಚಿಕೊಂಡಿತ್ತು.

“ನೋಡು, ನಿಮ್ಮೂರ ಮರಾನೇ ಇಲ್ಲಿಗೆ ತಂದೀನಿ. ಇನ್ನು ಅಲ್ಲಿಗೆ ಹೋಗಾಕೆ ಏನೈತೆ?” ಎಂದ.

ಅಮ್ಮ ಬಾಗಿದ ಕೊಂಬೆಯ ಕೆಳಗೆ ಬೆರಳಿಟ್ಟಳು. “ದಿನಾ ಇಲ್ಲೇ ಕುಂತು ನನ್ನ ದಾರಿ ನೋಡ್ತಾಳೆ ನಮ್ಮವ್ವ. ಆಕೀನ ಎಲ್ಲಿ ಬಿಟ್ರಿ?”

ಅಪ್ಪ ಕುಂಡವನ್ನು ತಿರುಗಿಸಿ ತಿರುಗಿಸಿ ನೋಡಿದ. ಅವನಿಗೆ ಅದು ನಿಜಕ್ಕೂ ಒಂದು ಕೊರತೆಯಾಗಿ ಕಂಡಿತು.

“ಹೌದಲ್ಲ! ಸಂತೇಲಿ ಒಂದು ಮಣ್ಣಿನ ಗೊಂಬೆ ತಂದು ಕೂರಿಸ್ತೀನಿ ಬಿಡು.”

ಅಮ್ಮ ಚೀಲದಿಂದ ಸೀರೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಗೂಟಕ್ಕೆ ಹಾಕಿದಳು.