ಹತ್ತು ಸೆಕೆಂಡಿನ ಅರ್ಜಿ

ಬಾಳೆ ಎಲೆಯ ಮೂರನೇ ಕಟ್ಟಿಗೆ ಒದ್ದೆ ಗೋಣಿ ಸುತ್ತಿ ಹೊಳೆಮ್ಮ ಸೈಕಲ್ಲಿನ ಕ್ಯಾರಿಯರ್‌ಗೆ ಹಗ್ಗ ಬಿಗಿಯುತ್ತಿದ್ದಳು. ಸೊಸೆ ಗಾಯತ್ರಿ ಒಳಗಿನಿಂದ ಅಂಚು ಹಳದಿಯಾದ ಲಕೋಟೆ ತಂದುಕೊಟ್ಟಳು.

“ಅತ್ತಿ, ಇವತ್ತಿಗೆ ವರ್ಷ ತುಂಬತೈತಿ. ಇವತ್ತರ ಹಾಕ್ತೀರೋ ಇಲ್ಲೋ?”

“ಇವತ್ತಿನ ಸಿಗ್ನಲ್ ಒಂದು ಮುಗೀಲಿ, ತಾಳು,” ಎಂದು ಹೊಳೆಮ್ಮ ಲಕೋಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಅದು ಹೊಸಪೇಟೆಯ ಸಂಚಾರ ಪೊಲೀಸರಿಗೆ ಹೊಳೆಮ್ಮ ಬರೆದ ಅರ್ಜಿ. ಸರ್ಕಲ್ಲಿನ ಹಸಿರು ದೀಪ ಮೋಟಾರು ಗಾಡಿಗಳಿಗೆ ಸಾಕು, ಹೊರೆ ಹೇರಿದ ಸೈಕಲ್ಲಿಗೆ ಸಾಲದು, ಇನ್ನು ಹತ್ತು ಸೆಕೆಂಡು ಕೊಡಿ ಎಂದು. ಬರೆಯುವ ಹುರುಪಿನಲ್ಲಿ ಕೊನೆಗೆ, ‘ನಾನು ಒಂದು ವರ್ಷದಿಂದ ಒಮ್ಮೆಯೂ ಕೆಂಪು ದೀಪ ದಾಟಿದವಳಲ್ಲ’ ಎಂದೂ ಸೇರಿಸಿಬಿಟ್ಟಿದ್ದಳು. ಅಂಚೆ ಡಬ್ಬಿಯ ಮುಂದೆ ನಿಂತಾಗ, ಹಿಂದಿನ ದಿನವೇ ದಾಟಿದ್ದು ನೆನಪಾಯಿತು. ಆ ಸಾಲು ಹೊಡೆದುಹಾಕಲು ಮನಸ್ಸು ಬರಲಿಲ್ಲ. ನಿಜ ಮಾಡಿಯೇ ಹಾಕುತ್ತೇನೆಂದು ಮನೆಗೆ ತಂದಳು. ನಡುವೆ ಎರಡು ಸಲ ತಪ್ಪಿ, ಎರಡು ಸಲವೂ ಮೊದಲಿನಿಂದ ಎಣಿಸಿದಳು. ಹೀಗೆ ಮೂರು ವರ್ಷ.

ಮಲಪನಗುಡಿಯಿಂದ ಬಂದು ಸರ್ಕಲ್ ಮುಟ್ಟುವಷ್ಟರಲ್ಲಿ ಕೆಂಪು ಬಿತ್ತು. ಹೊಳೆಮ್ಮ ಇಳಿದು ಬಿಳಿ ಗೆರೆಯ ಹಿಂದೆ ನಿಂತಳು. ಆಕೆಯನ್ನು ಹುಡುಕಿಕೊಂಡು ಹೋಗಿದ್ದ ಅಡುಗೆ ಕಂಟ್ರಾಕ್ಟರ್ ಪಂಪೇಶ್ ಹಿಂದಿನಿಂದ ಬೈಕು ತಂದು ಪಕ್ಕದಲ್ಲಿ ನಿಲ್ಲಿಸಿದ.

“ಏನ್ ನಿಂತೀರಿ ಹೊಳೆಮ್ಮಾ? ಮದುವಿ ಮಂದಿ ಊಟಕ್ಕ ಕುಂತಾರ, ಹಾಕಾಕ ಎಲಿ ಇಲ್ಲ. ಜಲ್ದಿ ನಡೀರಿ!”

“ಕೆಂಪೈತ್ರಿ.”

“ಸೈಕಲ್ಲಿಗೆ ಯಾವ ಸಿಗ್ನಲ್‌ರಿ? ಅದಕ್ಕೇನು ನಂಬರ್ ಪ್ಲೇಟ್ ಐತೇನು?”

“ಸೈಕಲ್ಲಿಗೆ ನಂಬರ್ ಇಲ್ಲ. ನನಗ ಹೆಸರೈತಲ್ರಿ.”

“ಹಂಗಾರ ಕಟ್ಟು ಇತ್ಲಾಗ ಕೊಡ್ರಿ, ನಾನು ದಾಟಸ್ತೀನಿ.”

“ನನ್ನ ಎಲಿನೂ ಕೆಂಪಿನಾಗ ದಾಟಂಗಿಲ್ರಿ.”

“ನಾಳಿಂದ ನಿಮ್ಮ ಎಲಿ ಬ್ಯಾಡ ಬಿಡ್ರಿ!”

ಹೊಳೆಮ್ಮನ ಎಲೆಯೆಲ್ಲ ಹೋಗುತ್ತಿದ್ದುದು ಪಂಪೇಶನಿಗೇ. ಹ್ಯಾಂಡಲ್ ಗಟ್ಟಿ ಹಿಡಿದು ದೀಪದ ಕೆಳಗಿನ ಅಂಕಿ ನೋಡುತ್ತಾ ನಿಂತಳು. ನಲವತ್ತು. ಮೂವತ್ತೊಂಬತ್ತು.

ಹಸಿರು ಬಂತು. ಆ ಹೊರೆ ಇಟ್ಟುಕೊಂಡು ನಿಂತಲ್ಲಿಂದ ಹತ್ತಲಾಗದು. ಹತ್ತು ಹೆಜ್ಜೆ ದಬ್ಬಿ, ವೇಗ ಬಂದ ಮೇಲೆ ಹಾರಿ ಕೂರಬೇಕು. ಹಾರಿ ಕೂತಾಗ ಇನ್ನೂ ನಡುರಸ್ತೆ. ದೀಪ ಮತ್ತೆ ಕೆಂಪಾಯಿತು. ಅಡ್ಡ ರಸ್ತೆಯ ಟಿಪ್ಪರ್ ಹಾರ್ನ್ ಹೊಡೆಯುತ್ತಾ ಹೊರಟೇಬಿಟ್ಟಿತು. ಪಂಪೇಶ್ ಬೈಕನ್ನು ಅಡ್ಡ ಒಯ್ದು ಕೈ ಎತ್ತಿದ.

“ನಿಲ್ಲಲೇ! ಹಸಿರಿನಾಗ ಹೊಂಟಾಕಿ ಆಕಿ!”

ಆಚೆ ಬದಿಗೆ ಬಂದ ಮೇಲೆ ಅವನು ಕಟ್ಟುಗಳನ್ನು ತನ್ನ ಬೈಕಿಗೆ ಏರಿಸಿಕೊಂಡ.

“ದಿನಾ ಹಿಂಗ ಏನ್ರಿ?”

“ದಿನಾ. ಅದಕ್ಕ ಅರ್ಜಿ ಬರದೀನಿ, ನೋಡ್ರಿ.”

ಪಂಪೇಶ್ ನಿಂತಲ್ಲೇ ಕೊನೆಯ ಸಾಲಿನವರೆಗೂ ಓದಿದ. “ನಾಳಿ ಇನ್ನೂರು ಎಲಿ ತರ್ರಿ,” ಎಂದ. ಆಮೇಲೆ ಜೇಬಿನಿಂದ ಪೆನ್ನು ತೆಗೆದ. “ನಂದೂ ಒಂದು ಸಹಿ ಇರ್ಲೇನು?”

ಹೊಳೆಮ್ಮ ಕಾಗದವನ್ನು ಮೆಲ್ಲಗೆ ವಾಪಸ್ ತೆಗೆದುಕೊಂಡಳು.

“ನೀವೂ ಒಂದು ವರ್ಷ ಕೆಂಪಿಗೆ ನಿಲ್ರಿ ಪಂಪೇಶಪ್ಪ. ಆಮ್ಯಾಲ ಹಾಕೀರಂತ.”

ಲಕೋಟೆ ಅಂಟಿಸಿ ರಸ್ತೆ ಬದಿಯ ಅಂಚೆ ಡಬ್ಬಿಗೆ ಹಾಕಿದಳು. ಅದು ತಳ ಮುಟ್ಟಿದ ಸದ್ದು ಕೇಳುವವರೆಗೂ, ಆ ಕೆಂಪು ಡಬ್ಬಿಯ ಮುಂದೆಯೂ ಒಂದು ಗಳಿಗೆ ನಿಂತಳು.