ತೂಬಿನ ಬಾಯಲ್ಲಿ ಮೊಸಳೆ

ನಮ್ಮೂರ ಕೆರೆ ನನ್ನ ಮಾತು ಕೇಳುತ್ತದೆ. ‘ಕೂರು’ ಎಂದರೆ ಕೂರುತ್ತದೆ, ‘ಬಾ’ ಎಂದರೆ ಕರುವಿನ ಹಾಗೆ ಹಿಂದೆಯೇ ಬರುತ್ತದೆ. ನಾನು ಈ ಊರಿನ ನೀರಗಂಟಿ. ಕೆರೆಯ ತೂಬು ಎತ್ತುವ ಹಕ್ಕು ನನ್ನ ಕೈಗೆ ಮಾತ್ರ; ಬೇರೆ ಯಾರು ಮುಟ್ಟಿದರೂ ಗಂಗಮ್ಮ ಮುನಿಯುತ್ತಾಳೆಂದು ಊರೇ ನಂಬಿದೆ.

ಅಂದು ಮಳೆ ನಿಂತಿದ್ದರೂ ಹಳ್ಳದ ನೀರು ನುಗ್ಗಿ ನುಗ್ಗಿ ಕೆರೆಯ ಏರಿ ಬಿರುಕು ಬಿಟ್ಟಿತ್ತು. ಈರಕ್ಕ ಓಡಿ ಬಂದು ನನ್ನ ಕಾಲು ಹಿಡಿದಳು.

“ತೂಬು ಎತ್ತೋ ತಮ್ಮಯ್ಯ! ಏರಿ ಒಡೆದ್ರೆ ಮೊದ್ಲು ಕೊಚ್ಕೊಂಡೋಗೋದು ನಮ್ಮನೆ. ಮಗಳು ಹಸಿ ಬಾಣಂತಿ, ಎದ್ದು ನಿಲ್ಲಕ್ಕೂ ಆಗ್ತಿಲ್ಲ.”

“ಹೆಂಗೆ ಎತ್ಲಿ ಅಕ್ಕ? ತೂಬಿನ ಬಾಯಲ್ಲಿ ಬಸ್ಸಿನುದ್ದದ ಮೊಸಳೆ ಕೂತೈತೆ. ಎದೆಮಟ್ಟ ನೀರಲ್ಲಿ ಅದರ ಜೊತೆ ಗುದ್ದಾಡಿ ಈಗ ತಾನೆ ಮೇಲೆ ಬಂದೆ!”

ನಮ್ಮ ಪಕ್ಕದಲ್ಲೇ ಏರಿಯ ಮಣ್ಣು ಒಂದು ಹೆಂಟೆ ಕಳಚಿ ಬಿತ್ತು. ಈರಕ್ಕ ನನ್ನ ಪಂಚೆಯನ್ನು ಮುಷ್ಟಿಯಲ್ಲಿ ಹಿಂಡಿ ನೋಡಿದಳು.

“ಈಗ ತಾನೆ ಬಂದೆ ಅಂತೀಯ, ಪಂಚೆ ಗರಿಗರಿ ಒಣಗೈತಲ್ಲೋ?”

“ಅದು ನನ್ನ ಮೈ ಕಾವಿಗೆ ಒಣಗೋಯ್ತು.”

ಈರಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೀರಿಗಿಳಿದಳು.

“ನಾನೇ ಎತ್ತೀನಿ. ಗಂಗಮ್ಮ ಮುನಿದ್ರೆ ಮುನೀಲಿ, ಮೊಸಳೆ ತಿಂದ್ರೆ ತಿನ್ಲಿ.”

ನಾನು ಹಾರಿ ಅವಳ ರಟ್ಟೆ ಹಿಡಿದೆ.

“ಬೇಡಕ್ಕ, ತಡಿ! ಮೊಸಳೆ ಗಿಸಳೆ ಏನೂ ಇಲ್ಲ. ತೂಬು ಎತ್ತಿದ್ರೆ ನೀರು ಮೊದ್ಲು ನುಗ್ಗೋದು ನನ್ನ ಗದ್ದೆಗೆ. ಕುಯ್ದ ಭತ್ತ ಇನ್ನೂ ಅಲ್ಲೇ ಬಿದ್ದೈತೆ.”